ತರಗಮ್ಮನ ದಿಣ್ಣೆ

ಬೆಣಚಿನಹಳ್ಳಿಯ ಮೂಡಲಿಗೆ, ಮನೆಗಳು ಮುಗಿದು ಹೊಲಗಳು ಶುರುವಾಗುವಲ್ಲಿ, ಮಲಗಿದ ಎತ್ತಿನ ಬೆನ್ನಿನಂತೆ ಉಬ್ಬಿಕೊಂಡಿರುವ ಒಂದು ದಿಣ್ಣೆಯಿದೆ. ಮೈತುಂಬ ಬೆಣಚುಕಲ್ಲು. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಕಣ್ಣು ತೆರೆದು ನೋಡಲಾಗದು, ಅಷ್ಟು ಬೆಳ್ಳಗೆ ಹೊಳೆಯುತ್ತದೆ. ಇಡೀ ದಿಣ್ಣೆಗೆ ಒಂದು ಮರವಿಲ್ಲ. ಆದರೆ ಅದರ ನೆತ್ತಿಯ ಮೇಲೆ ಆಳೆತ್ತರದ ತರಗೆಲೆಯ ರಾಶಿಯೊಂದಿದೆ. ಗಾಳಿಗೆ ಹಾರದಂತೆ ಅದರ ಮೇಲೆ ಅಲ್ಲಲ್ಲಿ ಕಲ್ಲು ಹೇರಿದ್ದಾರೆ. ಮಂಗಳವಾರ, ಶುಕ್ರವಾರ ಸುತ್ತಲ ಹಳ್ಳಿಗಳ ಹೆಂಗಸರು ಮಡಿಲಲ್ಲಿ, ಮಂಕರಿಯಲ್ಲಿ ಒಣಗಿದ ಎಲೆ ತಂದು ಆ ರಾಶಿಗೆ ಹಾಕಿ ಕೈಮುಗಿಯುತ್ತಾರೆ. ಇಲ್ಲಿ ತೆಂಗಿನಕಾಯಿ ಒಡೆಯುವುದಿಲ್ಲ, ಹೂವು ಏರಿಸುವುದಿಲ್ಲ. ರಾಶಿಯ ಅಡಿಯಲ್ಲಿ ಒಂದು ಕಲ್ಲಿದೆ, ಅದೇ ತರಗಮ್ಮ ಎನ್ನುತ್ತಾರೆ. ಆ ಕಲ್ಲನ್ನು ಕಂಡವರು ಈಗ ಯಾರೂ ಬದುಕಿಲ್ಲ.

ಈ ಊರಿನ ಶಾಲೆಯಲ್ಲಿ ನಾನು ಬಹಳ ವರ್ಷ ಮೇಷ್ಟರಾಗಿದ್ದೆ. ತರಗಮ್ಮನ ಕತೆಯನ್ನು ಅಲ್ಲಿನ ಪೂಜಾರಿಗಳು ಹೇಳುವ ರೀತಿ ಒಂದು, ಅವರೆಕಾಯಿ ಸುಲಿಯುತ್ತಾ ಜಗಲಿಯಲ್ಲಿ ಕೂತ ಮುದುಕಿಯರು ಹೇಳುವ ರೀತಿ ಇನ್ನೊಂದು. ಪೂಜಾರಿಗಳ ಕತೆಯಲ್ಲಿ ಅವಳು ಆಕಾಶದಿಂದ ಇಳಿದು ಬರುತ್ತಾಳೆ. ಮುದುಕಿಯರ ಕತೆಯಲ್ಲಿ ಅವಳು ಗಂಡ ಸತ್ತ ಸೊಸೆ. ಇಲ್ಲಿ ನಾನು ಬರೆಯುತ್ತಿರುವುದು ಮುದುಕಿಯರು ಹೇಳಿದ್ದನ್ನು.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಬೆಣಚಿನಹಳ್ಳಿಯಲ್ಲಿ ಕೆಂಚಪ್ಪನೆಂಬ ಅನುಕೂಲಸ್ಥನಿದ್ದನಂತೆ. ಅವನ ತಮ್ಮ ಹಾವು ಕಚ್ಚಿ ತೀರಿಕೊಂಡ. ತಮ್ಮನ ಹೆಂಡತಿಯ ಹೆಸರು ಮಾಳಕ್ಕ. ಇನ್ನೂ ಸಣ್ಣ ವಯಸ್ಸು, ಮಕ್ಕಳಿರಲಿಲ್ಲ. ಅವಳ ತವರು ದೂರದ ಕುರುಚಲು ಕಾಡಿನ ಅಂಚಿನ ಹಳ್ಳಿ. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲವಾದ್ದರಿಂದ ಅಲ್ಲಿ ಹೋಗಿ ನೆಲೆಸುವ ದಾರಿಯೂ ಇರಲಿಲ್ಲ. ಗಂಡ ಸತ್ತ ಹೆಣ್ಣಿಗೆ ಹೊಟ್ಟೆಪಾಡಿಗೆಂದು ಒಂದಿಷ್ಟು ನೆಲ ಬಿಟ್ಟುಕೊಡುವುದು ಆಗಿನ ರೂಢಿ. ಕೆಂಚಪ್ಪ ಊರ ಹಿರಿಯರ ಮುಂದೆ ಈ ದಿಣ್ಣೆಯನ್ನು ತೋರಿಸಿದ. "ಇದು ನಿನ್ನದು ಮಾಳಕ್ಕ. ದುಡಿದು ಬೆಳೆ ತೆಗೆದರೆ ನೀನಿರುವವರೆಗೆ ನಿನ್ನದೇ. ಬೀಳು ಬಿಟ್ಟೆಯೋ, ಮನೆತನಕ್ಕೆ ವಾಪಸು," ಎಂದ. ನೆರೆದವರಲ್ಲಿ ಕೆಲವರು ಮುಖ ತಿರುಗಿಸಿ ನಕ್ಕರು. ನೇಗಿಲು ಇಳಿಯದ ಆ ಕಲ್ಲಿನ ಗುಪ್ಪೆಯಲ್ಲಿ ಅದುವರೆಗೆ ಯಾರೂ ಒಂದು ಹಿಡಿ ಹುರುಳಿ ಕೂಡ ಬೆಳೆದಿರಲಿಲ್ಲ. ಊರ ಗೌಡ ಮಾತ್ರ ಗಂಭೀರವಾಗಿ, "ಆಯಿತಲ್ಲ, ಹಿರಿಯರ ಮುಂದೆ ಆದ ಮಾತು," ಎಂದು ತಾಂಬೂಲ ಹಂಚಿಸಿದ.

ಮೊದಲ ಮಳೆಗೆ ಮಾಳಕ್ಕ ಹುರುಳಿ ಚೆಲ್ಲಿ ನೋಡಿದಳು. ಮೊಳಕೆ ಬಂದದ್ದು ಬಿಸಿಲಿಗೆ ಸೀದುಹೋಯಿತು. ಆಮೇಲೆ ಅವಳು ತವರಿನ ದಾರಿ ಹಿಡಿದಳು. ನೆಂಟರನ್ನು ನೋಡಲು ಹೋಗಿದ್ದಾಳೆಂದು ಎಲ್ಲರೂ ಎಣಿಸಿದರು. ಅವಳು ಹೋದದ್ದು ಬೀಜ ತರಲು. ಹುಟ್ಟೂರಿನ ಕಾಡು ಕೂಡ ಇಂಥದೇ ಕಲ್ಲಿನ ಮೇಲೆ ನಿಂತಿತ್ತು, ಅಲ್ಲಿ ಬದುಕುವ ಹಣ್ಣಿನ ಮರಗಳು ಯಾವುವೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ನೇರಳೆ, ಬೇಲ, ತೂಬರೆ, ಕವಳೆ, ಎಲಚಿ, ಜೊತೆಗೆ ಚಿಲ್ಲ. ಚಿಲ್ಲದ ಹಣ್ಣು ತಿನ್ನಬಹುದು, ಬೀಜವನ್ನು ತೇಯ್ದು ಕೊಡಕ್ಕೆ ಹಾಕಿದರೆ ಕೆಸರುನೀರೂ ತಿಳಿಯಾಗುತ್ತದೆ. ಇವನ್ನೆಲ್ಲ ಸೆರಗಿನಲ್ಲಿ ಗಂಟು ಕಟ್ಟಿ ತಂದು, ಕಲ್ಲಿನ ಸಂದಿಯಲ್ಲಿ ಎಲ್ಲೆಲ್ಲಿ ಬೊಗಸೆ ಮಣ್ಣಿತ್ತೋ ಅಲ್ಲಲ್ಲಿ ಊರಿದಳು. ಸಾಲು ಹಿಡಿಯಲಿಲ್ಲ, ಪಾತಿ ಮಾಡಲಿಲ್ಲ. ಮಣ್ಣು ಎಲ್ಲಿ ಒಪ್ಪಿತೋ ಅದೇ ಜಾಗ.

ಮೊಳಕೆಯೇನೋ ಬಂತು. ಆದರೆ ಬೇಸಿಗೆಯಲ್ಲಿ ಆ ಕಲ್ಲು ಕಾದು ಬುಡ ಸುಡುತ್ತಿತ್ತು. ಮಾಳಕ್ಕ ಹಳ್ಳದಿಂದ ಕೊಡದಲ್ಲಿ ಹೊತ್ತು ಹಾಕಿದ ನೀರು ಅವಳು ಇಳಿದು ಮನೆ ಸೇರುವಷ್ಟರಲ್ಲಿ ಆರಿಹೋಗುತ್ತಿತ್ತು. ಬುಡಕ್ಕೆ ಏನಾದರೂ ಹೊದಿಸದೆ ಗಿಡ ಉಳಿಯುವುದಿಲ್ಲ ಎಂದು ಅವಳಿಗೆ ತಿಳಿಯಿತು. ರಾಗಿ ಹುಲ್ಲು ಹೊದಿಸಿದಳು, ಗೆದ್ದಲು ಹತ್ತಿತು, ಹುಲ್ಲಿನ ಜೊತೆಗೆ ಎರಡು ಬೇಲದ ಸಸಿಯೂ ಹೋದವು. ಹುಣಿಸೆಯ ಸಣ್ಣೆಲೆ ಗಾಳಿಗೆ ನಿಲ್ಲಲಿಲ್ಲ. ಮಾವಿನೆಲೆ ಚರ್ಮದ ಹಾಗೆ ಬಿರುಸಾಗಿ ಕೂತು ತುಂತುರು ಮಳೆಯನ್ನು ಒಳಕ್ಕೆ ಬಿಡಲಿಲ್ಲ. ಊರಿನಲ್ಲಿ ಅವಳೊಡನೆ ಬಾಯಿತುಂಬ ಮಾತಾಡುತ್ತಿದ್ದವಳು ಒಬ್ಬಳೇ, ಜುಂಜಕ್ಕ. ಅವಳ ಅಂಗಳದಲ್ಲಿ ದೊಡ್ಡ ಹೊಂಗೆ ಮರವಿತ್ತು. "ಈಚಲ ಗರಿ ಹಾಕೇ ಮಾಳಕ್ಕ, ಹತ್ತು ವರ್ಷವಾದರೂ ಕೊಳೆಯೋದಿಲ್ಲ," ಎಂದು ಜುಂಜಕ್ಕ ಹೇಳಿದಳಂತೆ. "ಕೊಳೆಯದೆ ಇದ್ದರೆ ಗಿಡಕ್ಕೇನು ಸಿಕ್ಕಿತು ಜುಂಜಕ್ಕ? ನಿನ್ನ ಹೊಂಗೆಯ ತರಗು ಕೊಡು," ಎಂದಳು ಮಾಳಕ್ಕ. ಹೊಂಗೆಯೆಲೆ ಮೆತ್ತಗೆ ಕೂರುತ್ತದೆ, ಗೆದ್ದಲು ಅದರ ಹತ್ತಿರ ಸುಳಿಯುವುದು ಕಡಿಮೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕರಗಿ ಮಣ್ಣಾಗುತ್ತದೆ. ಅವಳು ಬೇಕೆಂದೇ ಅದನ್ನು ಆರಿಸಿಕೊಂಡಳು.

ಅಂದಿನಿಂದ ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಹೊಂಗೆ ಎಲೆ ಉದುರಿಸತೊಡಗಿದರೆ ಮಾಳಕ್ಕ ಪೊರಕೆ ಹಿಡಿದು ಊರಿನ ಅಂಗಳ ಅಂಗಳಕ್ಕೂ ಹೋಗುತ್ತಿದ್ದಳು. ಕಸ ಗುಡಿಸುವ ಕೆಲಸ ತಪ್ಪಿತೆಂದು ಮನೆಯವರು ಬೇಡವೆನ್ನುತ್ತಿರಲಿಲ್ಲ. ಮಂಕರಿ ತುಂಬಿ ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತುವಾಗ ಎಲೆಯ ಚೂರು ಅವಳ ಕೂದಲಿಗೆ, ಭುಜಕ್ಕೆ ಅಂಟಿಕೊಂಡಿರುತ್ತಿತ್ತು. "ಬಂದಳಪ್ಪಾ ತರಗಮ್ಮ," ಎಂದು ಕಟ್ಟೆಯ ಮೇಲೆ ಕೂತ ಗಂಡಸರು ಹೇಳುತ್ತಿದ್ದರು. ಹುಡುಗರು ಹಿಂದಿನಿಂದ ಓಡಿಬಂದು ಮಂಕರಿ ಎಳೆದು ಚೆಲ್ಲುತ್ತಿದ್ದರು. ಅವಳು ಚೆಲ್ಲಿದ್ದನ್ನು ಬಾಚಿಕೊಂಡು ಮುಂದಕ್ಕೆ ಹೋಗುತ್ತಿದ್ದಳೇ ಹೊರತು ಯಾರಿಗೂ ತಿರುಗಿ ಬಯ್ಯಲಿಲ್ಲ. ಗಿಡದ ಬುಡಕ್ಕೆ ಎಲೆ ಹರಡಿ, ಆಷಾಢದ ಗಾಳಿಗೆ ಹಾರದಂತೆ ಬೆಣಚುಕಲ್ಲು ಹೇರಿ, ಆಡು ಮೇಯದಂತೆ ಸುತ್ತ ಜಾಲಿಮುಳ್ಳು ಇಡುತ್ತಿದ್ದಳು. ಜುಂಜಕ್ಕನೂ ಬಿಡುವಾದಾಗ ಅವಳ ಜೊತೆ ದಿಣ್ಣೆ ಹತ್ತುತ್ತಿದ್ದಳು. ನೆತ್ತಿಯ ಮೇಲಿನ ನೇರಳೆಗೆ ಮೊದಲ ಕೊಡ ನೀರು ಹೊಯ್ದವಳು ಅವಳೇ ಎನ್ನುತ್ತಾರೆ.

ವರ್ಷಗಳು ಕಳೆದವು, ಮರಗಳು ನಿಂತವು. ಮೊದಲು ಎಲಚಿ, ಕವಳೆ ಹಣ್ಣು ಬಿಟ್ಟವು, ಬಹಳ ಕಾಲದ ಮೇಲೆ ನೇರಳೆ ಕಾಯಿ ಕಚ್ಚಿತು. ಬರಿಗಾಲಲ್ಲಿ ನಿಲ್ಲಲಾಗದಿದ್ದ ದಿಣ್ಣೆಯ ಮೇಲೆ ನೆರಳು ಬಿತ್ತು, ಆ ನೆರಳಿನಲ್ಲಿ ಹುಲ್ಲು ಬಂತು. ಮಾಳಕ್ಕ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಒಯ್ಯುತ್ತಿದ್ದಳು. ಚಿಲ್ಲದ ಬೀಜಕ್ಕೆ ಕೆರೆಯ ನೀರು ಕುಡಿಯುವ ಹಳ್ಳಿಗಳವರು ಮನೆ ಬಾಗಿಲಿಗೇ ಬರುತ್ತಿದ್ದರು. ಅವಳು ಯಾರ ಮುಂದೆಯೂ ಕೈಚಾಚದೆ ಉಂಡಳು. ಮುದುಕಿಯರು ಹೇಳುವಂತೆ, ಅವಳು ಮಾಡಿದ ತಪ್ಪು ಇದೊಂದೇ.

ಕೆಂಚಪ್ಪ ಒಂದು ದಿನ ದಿಣ್ಣೆ ಹತ್ತಿ ಬಂದು ಬಹಳ ಹೊತ್ತು ಮರಗಳ ನಡುವೆ ಅಡ್ಡಾಡಿದ. ಮಾಳಕ್ಕ ಅವನಿಗೆ ಎಲೆಯಲ್ಲಿ ಹಣ್ಣಿಟ್ಟು ಕೊಟ್ಟಳು. ತಿಂದು, ಕೈ ಒರೆಸಿಕೊಂಡು ಹೋದ. ಮುಂದಿನ ವಾರ ಅವನು ಗೌಡನ ಬಳಿ ದೂರು ಕೊಟ್ಟ. ಮಾಳಕ್ಕ ಆ ನೆಲದಲ್ಲಿ ದುಡಿದಿಲ್ಲ, ಒಂದು ಬೆಳೆಯನ್ನೂ ಇಟ್ಟಿಲ್ಲ. ಬೀಳು ಬಿದ್ದ ನೆಲದಲ್ಲಿ ಕಾಡು ಬೆಳೆದಿದೆ, ಮಾತಿನಂತೆ ಅದು ಮನೆತನಕ್ಕೆ ಸೇರಬೇಕು. ದೂರಿನ ಜೊತೆಗೆ ಇನ್ನೊಂದು ಮಾತನ್ನೂ ಅವನು ಊರಿನಲ್ಲಿ ಹರಡಿದ. ದಿಣ್ಣೆ ತನಗೆ ಬಂದರೆ ಹಣ್ಣನ್ನು ಕಿತ್ತುಕೊಳ್ಳಲು ಯಾರಿಗೂ ಅಡ್ಡಿಯಿಲ್ಲ, ಕಾಡಿನ ಹಣ್ಣು ಊರಿಗೆಲ್ಲ ಸೇರಿದ್ದು.

ಮಾರ್ಗಶಿರದ ಒಂದು ಬೆಳಗ್ಗೆ ಊರ ಹಿರಿಯರು ದಿಣ್ಣೆಯ ಮೇಲೆಯೇ ಸೇರಿದರು. ಗಂಡಸರು ಮರದ ನೆರಳಿನಲ್ಲಿ ಕೂತರು, ಹೆಂಗಸರು ದೂರ ನಿಂತರು. ಗೌಡ ಎದ್ದು ಒಂದೊಂದೇ ಮರದ ಮುಂದೆ ನಿಂತು ವಿಚಾರಣೆ ನಡೆಸಿದ.

"ಇದು ನೇರಳೆ. ಹಳ್ಳದ ದಂಡೆಯಲ್ಲೂ ನೇರಳೆ ಇದೆ. ಅದನ್ನು ಯಾರು ನೆಟ್ಟರಮ್ಮ?"

"ಅದು ತಾನಾಗಿ ಹುಟ್ಟಿದ್ದು ಗೌಡರೇ. ಇದು ನಾನು ನೆಟ್ಟದ್ದು."

ಮುಂದಿನ ಮರದ ಗುರುತು ಗೌಡನಿಗೆ ಹತ್ತಲಿಲ್ಲ. "ಇದೇನು ಮರ?"

"ತೂಬರೆ."

"ತೂಬರೆ ನೆಟ್ಟವರನ್ನು ಯಾರಾದರೂ ಕಂಡಿದ್ದೀರೇನಪ್ಪ?" ಎಂದು ಗೌಡ ತಿರುಗಿ ಕೇಳಿದ. ಎಲ್ಲರೂ ನಕ್ಕರು. ಇನ್ನೊಂದು ಮರದ ಮುಂದೆ ಮುದುಕನೊಬ್ಬ ಹಿಂದಕ್ಕೆ ಸರಿದು, "ಇದು ಕಾಸರಕ! ವಿಷದ ಮರ!" ಎಂದ. ಮಾಳಕ್ಕ ಕೊಂಬೆ ಬಗ್ಗಿಸಿ, ಕಪ್ಪಗೆ ಮಾಗಿದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. "ಎಲೆ ಹಾಗೇ ಕಾಣುತ್ತದೆ ತಾತ. ಕಾಸರಕದ ಹಣ್ಣು ನಿಂಬೆಗಿಂತ ದಪ್ಪ, ಬಣ್ಣ ಕೆಂಪು ಹಳದಿ. ಇದು ಚಿಲ್ಲ," ಎಂದಳು. ಕೆಂಚಪ್ಪ ಇದಕ್ಕಾಗಿಯೇ ಕಾದಿದ್ದವನಂತೆ ಎದ್ದು ನಿಂತ. "ಕೇಳಿಸಿಕೊಂಡಿರಾ? ಒಂದೊಂದೂ ಕಾಡುಮರ, ಅವಳ ಬಾಯಲ್ಲೇ ಬಂತು. ನೆಡುವ ಮನಸ್ಸಿದ್ದರೆ ಮಾವು ನೆಡುತ್ತಿದ್ದಳು, ಹಲಸು ನೆಡುತ್ತಿದ್ದಳು. ಕೈಯಾರೆ ಕಾಡು ಬೆಳೆಸುವ ಹುಚ್ಚರು ಎಲ್ಲಿದ್ದಾರೆ?"

ಮಾಳಕ್ಕನಿಗೆ ಆಗ ತನ್ನ ಎಲೆಗಳ ನೆನಪಾಯಿತು. "ಬುಡ ಅಗೆದು ನೋಡಿ ಗೌಡರೇ. ವರ್ಷ ವರ್ಷ ಊರಿನ ಹೊಂಗೆಯೆಲೆ ಹೊತ್ತು ತಂದು ಹಾಕಿದ್ದೇನೆ. ಈ ದಿಣ್ಣೆಯ ಮೇಲೆ ಹೊಂಗೆ ಮರವೇ ಇಲ್ಲ. ಎಲೆ ಎಲ್ಲಿಂದ ಬಂತು ಕೇಳಿ," ಎಂದಳು. ಮಾತು ನ್ಯಾಯವಾಗಿತ್ತು. ಇಬ್ಬರು ಆಳುಗಳು ಹಾರೆ ಹಿಡಿದು ನೇರಳೆಯ ಬುಡವನ್ನು ಮೊಣಕೈ ಆಳ ಅಗೆದರು. ಆ ವರ್ಷದ ಎಲೆ ಮಳೆಗೇ ಕರಗಿಹೋಗಿತ್ತು, ಹಿಂದಿನ ವರ್ಷಗಳದ್ದು ಎಂದೋ ಮಣ್ಣಾಗಿತ್ತು. ಒಂದು ಎಲೆಯೂ ಸಿಗಲಿಲ್ಲ. ಸಿಕ್ಕಿದ್ದು ಕರಿಯ, ಮೆತ್ತನೆಯ, ಎರೆಹುಳು ತುಂಬಿದ ಮಣ್ಣು. ಗೌಡ ಒಂದು ಹಿಡಿ ಎತ್ತಿ ಮೂಸಿ ನೋಡಿದ. "ಇದು ಕಾಡಿನ ಮಣ್ಣಮ್ಮ. ಇದಕ್ಕೆ ನಮ್ಮ ಊರಿನ ವಾಸನೆಯೇ ಇಲ್ಲ," ಎಂದ. ಈಚಲ ಗರಿ ಹಾಕಿದ್ದಿದ್ದರೆ ಗರಿ ಅಲ್ಲಿಯೇ ಇರುತ್ತಿತ್ತು. "ಇಲ್ಲಿಂದ ಎರಡು ಮಾರು ಆಚೆ ಅಗೆಯಿರಿ ಗೌಡರೇ, ಮರವಿಲ್ಲದ ಕಡೆ. ಬರೀ ಕಲ್ಲು ಸಿಗುತ್ತದೆ. ಈ ಮಣ್ಣು ಮರದ ಬುಡದಲ್ಲಿ ಮಾತ್ರ ಯಾಕಿದೆ ಹೇಳಿ," ಎಂದು ಮಾಳಕ್ಕ ಅಂಗಲಾಚಿದಳು. ಆಳುಗಳು ಹಾರೆ ಊರಿ ನಿಂತು ಗೌಡನ ಮುಖ ನೋಡಿದರು. ಗೌಡ ಸೂರ್ಯನನ್ನು ನೋಡಿ, "ಹೊತ್ತಾಯಿತು," ಎಂದ. ಮತ್ತೆ ಅಗೆಯಲಿಲ್ಲ.

"ಎಲೆ ಹೊತ್ತದ್ದನ್ನು ನೀವೆಲ್ಲ ನೋಡಿದ್ದೀರಲ್ಲ! ನನಗೆ ಹೆಸರಿಟ್ಟು ನಕ್ಕವರು ನೀವೇ ಅಲ್ಲವೇ?" ಎಂದು ಅವಳು ಕಟ್ಟೆಯ ಗಂಡಸರ ಕಡೆ ತಿರುಗಿದಳು. ಅವರಲ್ಲೊಬ್ಬ, "ತರಗು ಹೊತ್ತದ್ದು ನೋಡಿದ್ದೇವೆ. ಗಿಡ ನೆಟ್ಟದ್ದು ನೋಡಿಲ್ಲ," ಎಂದ. ಆಗ ಅವಳು ಹೆಂಗಸರ ಗುಂಪಿನ ಕಡೆ ನೋಡಿ, "ಜುಂಜಕ್ಕಾ, ನೀನು ಹೇಳೇ," ಎಂದಳು.

ಜುಂಜಕ್ಕನ ಗಂಡ ಕೆಂಚಪ್ಪನ ಎತ್ತುಗಳನ್ನು ಇಸಿದುಕೊಂಡು ಹೊಲ ಉಳುತ್ತಿದ್ದವನು. ಅವನು ಹೆಂಡತಿಯನ್ನು ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ತರಗು ಒಯ್ಯುತ್ತಿದ್ದಳು. ಎಲ್ಲಿಗೆ ಒಯ್ಯುತ್ತಿದ್ದಳೋ ನನಗೇನು ಗೊತ್ತು," ಎಂದಳು.

ಅಲ್ಲಿಗೆ ವಿಚಾರಣೆ ಮುಗಿಯಿತು, ದಿಣ್ಣೆ ಕೆಂಚಪ್ಪನ ಪಾಲಾಯಿತು. ಮಾಳಕ್ಕ ಆಳುಗಳು ತೆಗೆದ ಗುಣಿಗೆ ಮಣ್ಣು ತಳ್ಳಿ, ಕಾಲಲ್ಲಿ ತುಳಿದು ಮುಚ್ಚಿ ದಿಣ್ಣೆ ಇಳಿದಳು. ಕೆಂಚಪ್ಪನ ಕೊಟ್ಟಿಗೆಯ ಮೂಲೆಯಲ್ಲಿ ಅವಳಿಗೆ ಜಾಗ ಕೊಟ್ಟರು, ಎರಡು ಹೊತ್ತು ಮುದ್ದೆ ಕೊಟ್ಟರು. ಹಿರಿಯರು ಅದನ್ನು ಕೆಂಚಪ್ಪನ ದೊಡ್ಡತನವೆಂದು ಹೊಗಳಿದರು.

ಊರು ಆ ಸಲ ದಿಣ್ಣೆಯ ಹಣ್ಣನ್ನು ಮನಸೋ ಇಚ್ಛೆ ತಿಂದಿತು. ಕೈಗೆಟುಕದ ಕಡೆ ಕೊಂಬೆ ಮುರಿದರು. ಮುಳ್ಳಿನ ಬೇಲಿ ಒಲೆಗೆ ಹೋಯಿತು, ದನ ಆಡು ನುಗ್ಗಿದವು. ಆದರೆ ಮರಗಳನ್ನು ಕೊಂದದ್ದು ಇದಾವುದೂ ಅಲ್ಲ ಎನ್ನುತ್ತಾರೆ. ವಿಚಾರಣೆಯ ದಿನ ಗುಣಿಯಿಂದ ಬಂದ ಆ ಕರಿಯ ಮಣ್ಣನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಅಂಥ ಮಣ್ಣು ಊರಿನ ಯಾವ ಹೊಲದಲ್ಲೂ ಇರಲಿಲ್ಲ. ಮೊದಲು ಒಬ್ಬ ಒಂದು ಮಂಕರಿ ಒಯ್ದ. ಆಮೇಲೆ ಗಾಡಿಗಳು ಹತ್ತಿದವು. ಒಂದು ಬೇಸಿಗೆಯಲ್ಲಿ ಮರಗಳ ಬುಡವನ್ನೆಲ್ಲ ಬಗೆದು, ಬೇರು ಮೂಳೆಗಳಂತೆ ಹೊರಗೆ ಕಾಣುವವರೆಗೆ ಮಣ್ಣು ಸಾಗಿಸಿದರು. ಊರಿನ ಹೊಂಗೆಯೆಲೆ ಈಗ ಅವರವರ ತಿಪ್ಪೆಗೆ ಹೋಗುತ್ತಿತ್ತು. ಕಾದ ಕಲ್ಲಿನ ಮೇಲೆ ಬೇರು ಒಣಗಿತು. ಮೊದಲು ತೂಬರೆ ಎಲೆ ಕಳಚಿತು, ಮತ್ತೆ ಚಿಗುರಲಿಲ್ಲ. ನೇರಳೆಯ ತುದಿಯಿಂದ ಒಣಗು ಇಳಿಯುತ್ತಾ ಬಂತು.

ಆಗ ಗೌಡನೂ ಕೆಂಚಪ್ಪನೂ ಕೊಟ್ಟಿಗೆಗೆ ಬಂದರು. ಮಾಳಕ್ಕ ಸೆಗಣಿ ಬಾಚುತ್ತಿದ್ದಳು. "ಮರ ಒಣಗುತ್ತಿವೆಯಮ್ಮ. ಬುಡಕ್ಕೆ ಏನು ಹೊದಿಸಬೇಕು, ಎಷ್ಟು ಹೊದಿಸಬೇಕು, ನಿನಗೆ ಗೊತ್ತಲ್ಲ. ಹೇಳಿಕೊಡು," ಎಂದ ಗೌಡ. ಅವಳು ಕೈ ತೊಳೆದುಕೊಂಡು ನಿಧಾನವಾಗಿ ಅವನ ಕಡೆ ತಿರುಗಿದಳು. "ನನಗೇನು ಗೊತ್ತು ಗೌಡರೇ? ಕಾಡುಮರ ಅಲ್ಲವೇ? ತಾವಾಗಿ ಹುಟ್ಟಿದವು. ತಾವಾಗಿ ಬದುಕಿಕೊಳ್ಳಲಿ," ಎಂದಳು.

ಮರುದಿನ ಜುಂಜಕ್ಕ ಬಂದಳು. ಮಡಿಲು ತುಂಬ ಹೊಂಗೆಯ ತರಗು ತಂದಿದ್ದಳು. ಅದನ್ನು ಮಾಳಕ್ಕನ ಕಾಲ ಬಳಿ ಸುರಿದು ಅಳುತ್ತಾ ನಿಂತಳು. ಮಾಳಕ್ಕ ಪೊರಕೆ ತೆಗೆದುಕೊಂಡು ಎಲೆಯನ್ನೆಲ್ಲ ಗುಡಿಸಿ ಕೊಟ್ಟಿಗೆಯ ಹೊಸಿಲಿನಾಚೆ ತಳ್ಳಿದಳು. "ನಿನ್ನ ಅಂಗಳ ಇನ್ನು ಮೇಲೆ ನೀನೇ ಗುಡಿಸಿಕೋ," ಎಂದಳು. ಅವರಿಬ್ಬರ ನಡುವೆ ಆದ ಕಡೆಯ ಮಾತು ಅದು.

ಕೊಟ್ಟಿಗೆಯ ಬಾಗಿಲಿಗೆ ದಿಣ್ಣೆ ನೇರ ಕಾಣುತ್ತಿತ್ತು. ತಾನು ಊರಿದ ಮರಗಳು ಒಂದೊಂದಾಗಿ ಒಣಗುವುದನ್ನು, ಒಣಗಿದ್ದನ್ನು ಸೌದೆಗೆ ಕಡಿದು ಒಯ್ಯುವುದನ್ನು ಅವಳು ದಿನವೂ ನೋಡಿದಳು. ಒಂದು ಮಾತು ಹೇಳಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಅವಳು ಹೇಳಲಿಲ್ಲ. ಮುದುಕಿಯರು ಈ ಜಾಗಕ್ಕೆ ಬಂದಾಗ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸುತ್ತಾರೆ. ಅವಳು ಮಾಡಿದ್ದು ಸರಿ ಎನ್ನುವವರೂ ಇದ್ದಾರೆ, ಮರಗಳು ಏನು ತಪ್ಪು ಮಾಡಿದ್ದವು ಎನ್ನುವವರೂ ಇದ್ದಾರೆ. ಅವಳಿಗೆ ಏನನ್ನಿಸಿತ್ತೋ ಯಾರಿಗೂ ತಿಳಿಯದು. ಕಡೆಯ ಮರ ಉರುಳಿದ ವರ್ಷವೇ ಅವಳೂ ಹೋದಳು. ಹೂಳುವುದೆಲ್ಲಿ ಎಂಬ ಮಾತು ಬಂದಾಗ ಕೆಂಚಪ್ಪ, "ಆ ದಿಣ್ಣೆಯಲ್ಲೇ ಹೂಳಿ, ಅದೇನು ಉಪಯೋಗಕ್ಕೆ ಬರುವ ನೆಲವಲ್ಲ," ಎಂದನಂತೆ.

ಕಲ್ಲುನೆಲದಲ್ಲಿ ಗುಣಿ ಆಳವಾಗಲಿಲ್ಲ, ಮುಚ್ಚಲು ಮಣ್ಣೂ ಸಾಲಲಿಲ್ಲ. ಮೇಲೆ ಒಂದು ಚಪ್ಪಡಿ ಎಳೆದು ಬಂದರು. ಮಾರನೆಯ ದಿನದಿಂದ ಜುಂಜಕ್ಕ ದಿನಾ ಒಂದು ಮಂಕರಿ ಹೊಂಗೆಯೆಲೆ ಹೊತ್ತು ದಿಣ್ಣೆ ಹತ್ತತೊಡಗಿದಳು. ಗಂಡ ಹೊಡೆದರೂ ಬಿಡಲಿಲ್ಲ. ಎಲೆ ಹರಡಿ ಕಲ್ಲು ಹೇರಿ ಇಳಿಯುವಳು. ತಾನು ಸಾಯುವವರೆಗೂ ಹೀಗೇ ಮಾಡಿದಳು. ಅವಳು ಸತ್ತ ಮೇಲೆ ಎಲೆ ನಿಂತಿತು. ಆ ವರ್ಷವೇ ಊರಿನಲ್ಲಿ ದನಗಳಿಗೆ ಬೇನೆ ಬಿದ್ದು ಕೊಟ್ಟಿಗೆಗಳು ಖಾಲಿಯಾದವು. ಕಣಿ ಹೇಳುವವಳು ಮೂಡಣ ದಿಕ್ಕಿಗೆ ಬೆರಳು ತೋರಿಸಿದಳು. ಊರಿಗೆ ಊರೇ ಮಂಕರಿ ಹೊತ್ತು ದಿಣ್ಣೆ ಹತ್ತಿತು. ನಗಲೆಂದು ಇಟ್ಟ ಹೆಸರಿಗೇ ಅಂದು ಎಲ್ಲರೂ ಕೈಮುಗಿದರು. ಅವಳು ಕೇಳಿದ್ದು ಇವರ ಬಾಯಿಂದ ಒಂದು ಮಾತು. ಅದನ್ನು ಕೊಡಲಾರದವರು ಅಂದಿನಿಂದ ಇಂದಿನವರೆಗೆ ಎಲೆ ಕೊಡುತ್ತಿದ್ದಾರೆ.

ಈಗ ಅಲ್ಲಿಗೆ ಹೋದವರಿಗೆ ರಾಶಿಯ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಸಣ್ಣ ಗುಡಿ ಕಾಣುತ್ತದೆ. ಪೂಜೆಯ ಹಕ್ಕು ಕೆಂಚಪ್ಪನ ವಂಶದವರದು. ಕೆಲವು ವರ್ಷಗಳ ಹಿಂದೆ ಅವರು ಪೇಟೆಯಿಂದ ಬಣ್ಣದವನನ್ನು ಕರೆಸಿ ಗುಡಿಯ ಗೋಡೆಯ ಮೇಲೆ ದೇವಿಯ ಚಿತ್ರ ಬರೆಸಿದ್ದಾರೆ. ಜರಿಸೀರೆ ಉಟ್ಟು, ಕಿರೀಟ ತೊಟ್ಟು, ತರಗಮ್ಮ ಒಂದು ಮರದ ಕೆಳಗೆ ನಗುತ್ತಾ ಕೂತಿದ್ದಾಳೆ. ಇದು ಯಾವ ಮರ ಎಂದು ನಾನು ಪೂಜಾರಿಯನ್ನು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಮಾವು ಸ್ವಾಮಿ. ಇಲ್ಲಿ ಅಮ್ಮನವರು ತಮ್ಮ ಕೈಯಾರೆ ನೆಟ್ಟ ದೊಡ್ಡ ಮಾವಿನ ತೋಪಿತ್ತು," ಎಂದ. ಚಿತ್ರದ ಮರದಲ್ಲಿ ಕೊಂಬೆಗೊಂದೊಂದು ಹಣ್ಣು ಹಳದಿಯಾಗಿ ಜೋತುಬಿದ್ದಿದೆ. ಎಲೆ ಹಾಕಲು ಬಂದವರು ಮೊದಲು ಅದಕ್ಕೆ ಕೈಮುಗಿದು ಆಮೇಲೆ ರಾಶಿಯ ಕಡೆ ಹೋಗುತ್ತಾರೆ.